ಹತ್ತಿಳಿಯುವ ಅರ್ಧ ಗಂಟೆ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಕಿಲೋಮೀಟರಕ್ಕ ತನ್ನದೇ ಧ್ವನಿಗೆ ಫೋನ್ ಮಾಡುತ್ತಿದ್ದಳು.

ಅಡುಗೆಮನೆಯ ಮೇಜಿನ ಮೇಲೆ ಫೋನು, ಅದರ ಪಕ್ಕದಲ್ಲಿ ಅಮ್ಮ ಮುಟ್ಟದೆ ಬಿಟ್ಟ ಗಂಜಿಯ ಬಟ್ಟಲು. ಕೈಯಲ್ಲಿ ಸೋಪಿನ ನೊರೆ ಇದ್ದದ್ದರಿಂದ ಅವಳು ಅಂದು ಫೋನನ್ನು ಎತ್ತಿಕೊಳ್ಳದೆ ಸ್ಪೀಕರಿನ ಗುಂಡಿ ಒತ್ತಿದಳು. ವಿಮಾನ ಹೊರಡುವ ನಿಲ್ದಾಣದ ಮೂರಂಕಿ ಒತ್ತಿದಳು. ತಲುಪುವ ನಿಲ್ದಾಣದ ಮೂರಂಕಿ ಒತ್ತಿದಳು. ಆ ಕಡೆ ಟಕ್ ಟಕ್ ಎಂದಿತು. ಆಮೇಲೆ ಅವಳು ಮಾತಾಡಿದಳು.

“ದೂರ, ಹದಿಮೂರು ಸಾವಿರದ ನೂರ ಎಪ್ಪತ್ತೈದು ಕಿಲೋಮೀಟರ್. ಪ್ರಯಾಣದ ಅವಧಿ, ಹದಿನಾರು ಗಂಟೆ.”

ಮೇಜಿನ ಮುಂದೆ ನಿಂತವಳ ತುಟಿ ಅಲುಗಿರಲಿಲ್ಲ. ಅವಳ ಗಂಟಲಿನಲ್ಲಿ ಅಲುಗುವಂಥದ್ದು ಏನೂ ಉಳಿದಿರಲೂ ಇಲ್ಲ; ವೈದ್ಯರು ಧ್ವನಿಪೆಟ್ಟಿಗೆಯನ್ನು ತೆಗೆದು ಐದು ತಿಂಗಳಾಗಿತ್ತು. ಬೀರುವಿನಲ್ಲಿ ನೇತುಹಾಕಿದ ಹಳೆಯ ಕೋಟನ್ನು ಆಗಾಗ ಮುಟ್ಟಿ ನೋಡುತ್ತಾರಲ್ಲ, ಹಾಗೆ ಅವಳು ದಿನಕ್ಕೊಮ್ಮೆ ಈ ವಿಚಾರಣೆಯ ಸಂಖ್ಯೆಗೆ ಫೋನ್ ಮಾಡಿ, ತನ್ನನ್ನು ತಾನು ಕೇಳಿ, ಇಟ್ಟುಬಿಡುತ್ತಿದ್ದಳು.

ಒಳಗಿನ ಕೋಣೆಯಲ್ಲಿ ಮಂಚ ಕಿರುಗುಟ್ಟಿತು.

“ಪುಟ್ಟೀ? ಬಂದ್ಯೇನೇ? ಎಲ್ಲಿದ್ದೆ ಇಷ್ಟು ದಿನ?”

ಅಮ್ಮ ಅವಳನ್ನು ಮಗಳೆಂದು ಕರೆದು ಎಷ್ಟೋ ವಾರಗಳಾಗಿದ್ದವು. ಕಿಲೋಮೀಟರಕ್ಕನ ನೊರೆಗೈ ಗುಂಡಿಯ ಮೇಲೆಯೇ ನಿಂತಿತು.

ಕಿಲೋಮೀಟರಕ್ಕ ಎಂಬ ಹೆಸರು ಅವಳಿಗೆ ಬಂದದ್ದು ವಿಮಾನ ನಿಲ್ದಾಣದ ವಿಚಾರಣೆ ಕೋಣೆಯಲ್ಲಿ. ಕಿಟಕಿ ಇಲ್ಲದ ಉದ್ದನೆಯ ಕೋಣೆ ಅದು. ಸಾಲಾಗಿ ಫೋನುಗಳು, ಗೋಡೆಯ ಮೂಲೆಯಲ್ಲಿ ಬಣ್ಣ ಮಾಸಿದ ಗ್ಲೋಬು. ಅಲ್ಲಿಂದ ಇಲ್ಲಿಗೆ ಎಷ್ಟು ದೂರ, ಎಷ್ಟು ಹೊತ್ತು ಎಂದು ಜನ ಕೇಳುವುದು, ಇವಳು ಹೇಳುವುದು. ಭೂಪಟದ ಮೇಲೆ ಅಳತೆಪಟ್ಟಿ ಇಟ್ಟು ಅಳೆದವರು ಜಗಳಕ್ಕೆ ನಿಲ್ಲುತ್ತಿದ್ದರು. ಅವರಿಗೆ ಇವಳ ಉತ್ತರ ಒಂದೇ: “ಕಿತ್ತಳೆಹಣ್ಣಿಗೆ ದಾರ ಸುತ್ತಿ ನೋಡಿ ಸ್ವಾಮಿ. ಭೂಮಿ ದುಂಡಗಿದೆ, ನಿಮ್ಮ ಭೂಪಟ ಚಪ್ಪಟೆ ಇದೆ. ತಪ್ಪು ಇಬ್ಬರದ್ದೂ ಅಲ್ಲ.” ಗ್ಲೋಬಿಗೆ ಅವಳೇ ಒಂದು ಗುಂಡುಸೂಜಿ ಚುಚ್ಚಿ ದಾರ ಕಟ್ಟಿದ್ದಳು. ಬಿಗಿಯಾಗಿ ಎಳೆದ ದಾರ ದುಂಡು ಮೈಯ ಮೇಲೆ ತಾನಾಗಿ ಅತಿ ಗಿಡ್ಡ ಹಾದಿ ಹಿಡಿಯುತ್ತದೆ. ವಿಮಾನ ಹಾರುವುದೂ ಹೆಚ್ಚುಕಡಿಮೆ ಅದೇ ಹಾದಿಯಲ್ಲಿ.

ಒಮ್ಮೆ ಅವಳನ್ನು ನೋಡಲು ಒಬ್ಬ ಗಂಡು ಬಂದಿದ್ದ. ಮಾತಿಗೆ ಮಾತು ಬಂದು, “ನಮ್ಮ ಊರು ಇಲ್ಲಿಂದ ಎಷ್ಟು ದೂರ ಆಗಬಹುದು?” ಎಂದ. ಇವಳು ದೂರವನ್ನೂ ಹೇಳಿ ಅವಧಿಯನ್ನೂ ಹೇಳಿ, “ವಾರಕ್ಕೊಂದು ಸಲ ಅಮ್ಮನ್ನ ನೋಡ್ಕೊಂಡು ಹೋಗೋಕೆ ಆಗಲ್ಲ ಬಿಡಿ” ಎಂದು ಎದ್ದುಬಿಟ್ಟಳು. ಅಮ್ಮ ಅವತ್ತು ಬೈದದ್ದು ಬೈದದ್ದೇ. “ನೀನು ಕಿಲೋಮೀಟರ್ ಲೆಕ್ಕ ಹಾಕ್ತಾ ಕೂತ್ಕೋ, ಹೊತ್ತು ಅದರ ಪಾಡಿಗೆ ಹೋಗ್ಲಿ!” ಹೊತ್ತು ಹೋಯಿತು. ತಾಯಿ ಮಗಳು ಇಬ್ಬರೇ ಉಳಿದರು. ಇಬ್ಬರಿಗೂ ಅದರಿಂದ ಅಂಥ ಬೇಜಾರೇನೂ ಆಗಲಿಲ್ಲ.

ಅಮ್ಮ ದೊಡ್ಡ ಹೋಟೆಲೊಂದರ ಬಟ್ಟೆ ವಿಭಾಗದಲ್ಲಿ ಇಸ್ತ್ರಿ ಮಾಡುತ್ತಿದ್ದವಳು. ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ ಅದಕ್ಕೆ ಎಷ್ಟು ಬಿಸಿ ಬೇಕೆಂದು ಹೇಳುತ್ತಿದ್ದಳು. ಕಣ್ಣಿನ ಒತ್ತಡದ ಕಾಯಿಲೆ ಮೊದಲು ಅಂಚಿನ ನೋಟವನ್ನು ತಿಂದು, ಆಮೇಲೆ ನಡುವಿನದ್ದನ್ನೂ ಮುಗಿಸಿತು. ಕಣ್ಣು ಹೋದ ಮೇಲೆ ಅವಳ ಪಾಲಿಗೆ ಮಗಳು ಎಂದರೆ ಧ್ವನಿ. ಬಾಗಿಲಲ್ಲಿ “ಅಮ್ಮಾ, ನಾನು” ಎಂದರೆ ದೀಪ ಹಚ್ಚಿದ ಹಾಗೆ.

ವಿಚಾರಣೆ ಕೋಣೆಗೆ ಯಂತ್ರ ಬಂದ ವರ್ಷ ಮೇಲಿನವರು ಇವಳ ಧ್ವನಿಯನ್ನೇ ಆರಿಸಿದರು. ಧ್ವನಿ ಹಿಡಿಯಲು ಬಂದವನು ಉದ್ದ ಕಾಲಿನ, ಸದಾ ನಗುವ ತಂತ್ರಜ್ಞ. ಎಲ್ಲರೂ ಅವನನ್ನು ಟೇಪಣ್ಣ ಎನ್ನುತ್ತಿದ್ದರು. ಹಳೆಯ ಸಾಮಾನಿನ ಕೋಣೆಯೊಂದಕ್ಕೆ ವಿಮಾನದಲ್ಲಿ ಹೊದ್ದು ಸವೆದ ಕಂಬಳಿಗಳನ್ನು ಸುತ್ತ ಹೊಡೆದು, ನಡುವೆ ಮೈಕು ನಿಲ್ಲಿಸಿದ್ದ. ವಾಕ್ಯಗಳನ್ನು ಓದಿಸಲಿಲ್ಲ, ಚೂರುಗಳನ್ನು ಓದಿಸಿದ. ಒಂದರಿಂದ ತೊಂಬತ್ತೊಂಬತ್ತರವರೆಗೆ ಪ್ರತಿಯೊಂದನ್ನೂ ಎರಡೆರಡು ಸಲ: ನಡುವೆ ಬರುವ ಏಳು ಬೇರೆ, ಕೊನೆಗೆ ಬರುವ ಏಳು ಬೇರೆ. ಆಮೇಲೆ ನೂರುಗಳು, ಸಾವಿರಗಳು, ದೂರ, ಅವಧಿ, ಗಂಟೆ, ನಿಮಿಷ. ಯಂತ್ರ ಬೇಕಾದ ಚೂರುಗಳನ್ನು ಹೆಕ್ಕಿ ಪೋಣಿಸಿ ಮಾತು ಮಾಡುತ್ತದೆ.

“ಸೊನ್ನೆ ಓದಬೇಕಾ?” ಎಂದು ಅವಳು ಕೇಳಿದ್ದಳು.

“ಬೇಡ ಅಕ್ಕ. ಹದಿನಾರು ಗಂಟೆ ಸೊನ್ನೆ ನಿಮಿಷ ಅಂತ ಯಾರು ಹೇಳ್ತಾರೆ? ಸೊನ್ನೆ ಬಂದ ಕಡೆ ಯಂತ್ರ ಬಾಯಿ ಮುಚ್ಕೊಂಡಿರುತ್ತೆ. ನಮ್ಮ ಮೇಲಿನವರಿಗಿಂತ ಬುದ್ಧಿವಂತ ಯಂತ್ರ ಇದು.”

ಲೆಕ್ಕದ ಸೂತ್ರವನ್ನೂ ಇಬ್ಬರೂ ಸೇರಿಯೇ ಮಾಡಿದರು. ದೂರವನ್ನು ಗಂಟೆಗೆ ಎಂಟುನೂರ ಐವತ್ತು ಕಿಲೋಮೀಟರಿನಿಂದ ಭಾಗಿಸುವುದು. ಅಷ್ಟೇ ಸಾಕೆಂದ ಟೇಪಣ್ಣ. ಇವಳು ಬಿಡಲಿಲ್ಲ. “ನೆಲ ಬಿಟ್ಟ ಕೂಡಲೇ ಆ ವೇಗ ಬಂದುಬಿಡುತ್ತಾ? ಹತ್ತೋಕೆ ಕಾಲು ಗಂಟೆ, ಇಳಿಯೋಕೆ ಕಾಲು ಗಂಟೆ. ಯಾವ ಊರಿಂದ ಯಾವ ಊರಿಗಾದ್ರೂ ಅರ್ಧ ಗಂಟೆ ಸೇರಿಸು.” ಗಾಳಿಯ ಲೆಕ್ಕವಿಲ್ಲದ ಒರಟು ಸೂತ್ರ, ಆದರೂ ಬಂದಿಳಿಯುವವರನ್ನು ಕರೆದುಕೊಂಡು ಹೋಗಲು ಮನೆಯಿಂದ ಬರುವವರಿಗೆ ಸಾಕಾಗುವಷ್ಟು ಸರಿ. ರೆಕಾರ್ಡಿಂಗ್ ನಡೆದ ದಿನಗಳಲ್ಲಿ ಒಂದು ದಿನ, ಆಗಲೇ ಕಣ್ಣು ಮಂಜಾಗಿದ್ದ ಅಮ್ಮ ಊಟದ ಡಬ್ಬಿ ಹಿಡಿದು ಅಲ್ಲಿಗೇ ಬಂದು, ಕಂಬಳಿ ಕೋಣೆಯಲ್ಲಿ ಮಗಳ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತು ಎಲ್ಲ ಕೇಳಿಸಿಕೊಂಡು ಹೋಗಿದ್ದಳು.

ಎಷ್ಟೋ ವರ್ಷಗಳ ಮೇಲೆ ಗಂಟಲು ಕಟ್ಟಿತು. ಶೀತ ಎಂದುಕೊಂಡಳು. ಶೀತವಾಗಿರಲಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಅವಳ ಉಸಿರು ಮೂಗಿನಿಂದ ಓಡಾಡುವುದು ನಿಂತು, ಕತ್ತಿನ ಬುಡದಲ್ಲಿ ಮಾಡಿದ ಕಾಸಗಲದ ತೂತಿನಿಂದ ಓಡಾಡತೊಡಗಿತು. ಅದರ ಮೇಲೊಂದು ತೆಳು ಬಟ್ಟೆ. ತುಟಿ ಅಲುಗಿಸಿದರೆ ಪಿಸುಮಾತೂ ಬರುವುದಿಲ್ಲ. ಗಾಳಿ ಆ ದಾರಿಯಲ್ಲಿ ಬರುವುದೇ ಇಲ್ಲವಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಅವಳ ಮಟ್ಟಿಗೆ ತಲೆಕೆಳಗಾಗಿತ್ತು. ಆಡಿದ ಮಾತುಗಳೆಲ್ಲ ಯಂತ್ರದಲ್ಲಿ ಗಟ್ಟಿಯಾಗಿ ಉಳಿದಿದ್ದವು. ಆಡುವವಳು ಸ್ಲೇಟು ಹಿಡಿದು ಓಡಾಡುತ್ತಿದ್ದಳು.

ಎದುರುಮನೆಯ ದರ್ಜಿ ಹೆಂಗಸು ಆ ಬಟ್ಟೆಯ ಮುಚ್ಚಳಗಳನ್ನು ಹೊಲಿದುಕೊಡುತ್ತಿದ್ದಳು. “ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ ಅಕ್ಕ, ಈಗ ನೀವು ಅಪ್ಪಟ ಬಂಗಾರ. ಕಳ್ಳರ ಕೈಗೆ ಸಿಕ್ಕೀರಿ, ಜೋಪಾನ” ಎಂದು ನಗಿಸುತ್ತಿದ್ದಳು. ಕಿಲೋಮೀಟರಕ್ಕ ನಕ್ಕರೆ ಭುಜ ಮಾತ್ರ ಕುಣಿಯುತ್ತಿತ್ತು, ಕತ್ತಿನ ಬಟ್ಟೆ ಒಮ್ಮೆ ಉಬ್ಬಿ ಇಳಿಯುತ್ತಿತ್ತು.

ಅಮ್ಮನಿಗೆ ಮೊದಮೊದಲು ಎಲ್ಲ ಗೊತ್ತಿತ್ತು. ಆಮೇಲೆ ಅವಳ ನೆನಪೂ ಕಣ್ಣಿನ ಹಾಗೆಯೇ ಅಂಚಿನಿಂದ ಸವೆಯಿತು. ಮಗಳಿಗೆ ಕಾಯಿಲೆ ಎಂಬುದು ಮೊದಲು ಹೋಯಿತು. ಮಗಳು ಕೆಲಸಕ್ಕೆ ಹೋಗಿದ್ದಾಳೆ, ಇನ್ನೂ ಬಂದಿಲ್ಲ ಎಂಬುದಷ್ಟೇ ಉಳಿಯಿತು. ಹಾಗಿದ್ದರೆ ಮನೆಯಲ್ಲಿ ಓಡಾಡುತ್ತಿರುವವಳು ಯಾರು? ಸದ್ದಿಲ್ಲದೆ ಬಂದು ತಲೆ ಬಾಚುವ, ಬಾಯಿಗೆ ಚಮಚ ಹಿಡಿಯುವ ಕೈ ಯಾರದ್ದು?

ದರ್ಜಿ ಹೆಂಗಸು ಎಷ್ಟೋ ಸಲ ಹೇಳಿ ನೋಡಿದಳು. “ಅಜ್ಜೀ, ಇವರೇ ನಿಮ್ಮ ಮಗಳು. ಗಂಟಲು ಆಪರೇಷನ್ ಆಗಿದೆ, ಮಾತು ಬರಲ್ಲ ಅಷ್ಟೇ.”

“ನನ್ನ ಮಗಳ ಗಂಟಲಿಗೇನಾಗಿದೆ? ಪ್ರಪಂಚಕ್ಕೆಲ್ಲ ಕೇಳೋ ಗಂಟಲು ಅದು. ನೀನೂ ಇವಳ ಕಡೆಯವಳಾ?”

ಆಸ್ಪತ್ರೆಯವರು ಬ್ಯಾಟರಿ ಹಾಕಿದ ಸಣ್ಣ ಕೊಳವೆಯೊಂದನ್ನು ಕೊಟ್ಟಿದ್ದರು. ಕತ್ತಿಗೆ ಒತ್ತಿಹಿಡಿದು ತುಟಿ ಅಲುಗಿಸಿದರೆ ಜೇನುನೊಣ ಮಾತಾಡಿದಂಥ ದನಿ ಬರುತ್ತದೆ. ಕಿಲೋಮೀಟರಕ್ಕ ಒಂದೇ ಒಂದು ಸಲ ಅದರಲ್ಲಿ “ಅಮ್ಮಾ, ನಾನು” ಎಂದಳು. ಅಮ್ಮ ಕೈಲಿದ್ದ ಲೋಟ ಬಿಸಾಕಿ ಮೂಲೆ ಸೇರಿದಳು. ಅವತ್ತಿನಿಂದ ಆ ಕೈಯಿಂದ ಊಟವನ್ನೇ ಬಿಟ್ಟಳು. ದರ್ಜಿ ಹೆಂಗಸು ಬಂದಾಗ ನಾಲ್ಕು ತುತ್ತು, ಇಲ್ಲದಿದ್ದರೆ ಇಲ್ಲ. ಮೈ ಕಡ್ಡಿಯಾಯಿತು. ಕ್ಲಿನಿಕ್ಕಿನ ನರ್ಸು ತೂಕ ನೋಡಿ, “ಹೀಗೇ ಆದ್ರೆ ಅಡ್ಮಿಟ್ ಮಾಡಿ ಮೂಗಿಂದ ನಳಿಗೆ ಹಾಕ್ಬೇಕಾಗುತ್ತೆ. ಈ ವಯಸ್ಸಲ್ಲಿ ಹಾಕಿದ ನಳಿಗೆ ಮತ್ತೆ ತೆಗೆಯೋದು ಕಷ್ಟ” ಎಂದಿದ್ದಳು.

ಅಂಥ ಹೊತ್ತಿನಲ್ಲಿ ಆ ಮಧ್ಯಾಹ್ನ ಸ್ಪೀಕರಿನಿಂದ ಧ್ವನಿ ಹೊರಟದ್ದು, ಒಳಗಿನಿಂದ “ಬಂದ್ಯೇನೇ?” ಎಂದದ್ದು.

ಕಿಲೋಮೀಟರಕ್ಕ ಕೈ ಒರೆಸಿಕೊಂಡು ಫೋನನ್ನು ಒಳಗೆ ಒಯ್ದು ಅಮ್ಮನ ಕಿವಿಗೆ ಹಿಡಿದಳು. ನಕ್ಷತ್ರದ ಗುಂಡಿ ಒತ್ತಿದರೆ ಯಂತ್ರ ಹೇಳಿದ್ದನ್ನೇ ಮತ್ತೆ ಹೇಳುತ್ತದೆ.

“ಊಟ ಮಾಡಿದ್ಯಾ?” ಎಂದಳು ಅಮ್ಮ.

“ದೂರ, ಹದಿಮೂರು ಸಾವಿರದ ನೂರ ಎಪ್ಪತ್ತೈದು ಕಿಲೋಮೀಟರ್.”

“ಅಯ್ಯೋ, ಅಷ್ಟು ದೂರ ಯಾಕೆ ಹೋದ್ಯೇ? ಯಾವಾಗ ಬರ್ತೀಯ?”

“ಪ್ರಯಾಣದ ಅವಧಿ, ಹದಿನಾರು ಗಂಟೆ.”

“ಹೂಂ. ಬೇಗ ಬಾ.” ಆಮೇಲೆ ಅಮ್ಮ ಫೋನಿಗೆ ಬಾಯಿ ತಾಗಿಸಿ, ದನಿ ತಗ್ಗಿಸಿದಳು. “ಮನೇಲಿ ಯಾರೋ ಒಬ್ಬಳು ಸೇರ್ಕೊಂಡಿದ್ದಾಳೆ ಕಣೇ. ಮಾತಾಡಲ್ಲ. ಮೂಗಲ್ಲಿ ಉಸಿರಾಡಲ್ಲ, ಕತ್ತಲ್ಲಿ ಉಸಿರಾಡ್ತಾಳೆ. ನಿನ್ನ ನೀಲಿ ಸ್ವೆಟರ್ ಹಾಕ್ಕೊಂಡಿದ್ದಾಳೆ. ಗುಂಡಿ ಮುಟ್ಟಿ ನೋಡಿದೆ, ನಾನೇ ಹೊಲಿದದ್ದು. ನಿನ್ನ ಮಂಚದಲ್ಲೇ ಮಲಗ್ತಾಳೆ. ಈಗಲೂ ಇಲ್ಲೇ ನಿಂತಿದ್ದಾಳೆ.”

ಕಿಲೋಮೀಟರಕ್ಕ ಉಸಿರು ಬಿಗಿಹಿಡಿದಳು. ಕತ್ತಿನ ಬಟ್ಟೆ ಸ್ತಬ್ಧವಾಯಿತು.

“ನೋಡು, ಈಗ ಉಸಿರು ಹಿಡಿದ್ಲು. ಎಲ್ಲ ಕೇಳಿಸ್ಕೋತಾಳೆ” ಎಂದಳು ಅಮ್ಮ.

ಆದರೆ ಅವತ್ತು ಅಮ್ಮ ಉಂಡಳು. ಫೋನು ಕಿವಿಯ ಹತ್ತಿರ ಮಾತಾಡುತ್ತಿದ್ದಷ್ಟು ಹೊತ್ತು, ಯಾವ ಕೈಯೆಂದು ಕೇಳದೆ ಬಾಯಿ ತೆರೆದಳು. ಫೋನು ನಿಂತದ್ದೇ ತಡ, ತುಟಿ ಬಿಗಿದುಕೊಂಡಳು. ಅರ್ಧ ಬಟ್ಟಲು ಗಂಜಿ ಹೋಗಿತ್ತು.

ಆ ರಾತ್ರಿಯೆಲ್ಲ ಯೋಚಿಸಿ ಅವಳೊಂದು ಉಪಾಯ ಮಾಡಿದಳು. ಲೆಕ್ಕದವರ ಉಪಾಯ ಅದು. ದೂರ ಹೋದವಳನ್ನು ಹತ್ತಿರ ತರಬೇಕು. ಯಾವ ಎರಡು ನಿಲ್ದಾಣಗಳ ನಡುವೆ ಎಷ್ಟು ದೂರವೆಂಬುದು ಅವಳಿಗೆ ಬಾಯಿಪಾಠ, ಬಾಯಿ ಇಲ್ಲದಿದ್ದರೂ. ಮನೆಯ ಪಕ್ಕದ ನಿಲ್ದಾಣದ ಅಂಕಿಯನ್ನು ಕೊನೆಗಿಟ್ಟುಕೊಂಡು, ಹೊರಡುವ ನಿಲ್ದಾಣವನ್ನು ದಿನ ಕಳೆದಂತೆ ಹತ್ತಿರದ್ದಾಗಿ ಆರಿಸುತ್ತ ಹೋದಳು. ಕೊನೆಯ ದಿನ ಎರಡೂ ಕಡೆ ಒಂದೇ ನಿಲ್ದಾಣ ಒತ್ತುವುದು. ಸೊನ್ನೆ ಬಂದ ಕಡೆ ಯಂತ್ರ ಸುಮ್ಮನಾಗುತ್ತದೆ. ಫೋನಿನೊಳಗಿನ ಮಗಳು ಮಾತು ನಿಲ್ಲಿಸಿದ ಕ್ಷಣದಲ್ಲಿ ಹೊರಗಿನ ಮಗಳು ಅಮ್ಮನ ಕೈ ಹಿಡಿಯುವುದು. ಇಬ್ಬರೂ ಮೌನ, ಆಗ ಇಬ್ಬರೂ ಒಂದೇ ಎಂದು ಅಮ್ಮನಿಗೆ ತಿಳಿಯದೆ ಇದ್ದೀತೇ?

ಸ್ಲೇಟಿನಲ್ಲಿ ಬರೆದು ದರ್ಜಿ ಹೆಂಗಸಿಗೆ ತೋರಿಸಿದಳು. ಅವಳು ಓದಿ, ಬಾಯಲ್ಲಿ ಕಚ್ಚಿಕೊಂಡಿದ್ದ ಸೂಜಿ ತೆಗೆದಳು.

“ನೀವು ಓದಿದವರು ಅಕ್ಕ, ನಾನೇನು ಹೇಳಲಿ. ಆದ್ರೆ ದಿನಾ ಹತ್ತಿರ ಹತ್ತಿರ ಕರೀತೀರಲ್ಲ, ನೀವಂತೂ ಇಲ್ಲೇ ಇದ್ದೀರಿ. ಮತ್ತೆ ಬರ್ತಾ ಇರೋದು ಯಾರು?”

ಕಿಲೋಮೀಟರಕ್ಕ ಸ್ಲೇಟು ಒರೆಸಿಬಿಟ್ಟಳು.

ಎಂಟು ಸಾವಿರದ ನಾನೂರ ಹದಿನೈದು ಕಿಲೋಮೀಟರ್, ಹತ್ತು ಗಂಟೆ ಇಪ್ಪತ್ನಾಲ್ಕು ನಿಮಿಷ ಎಂದ ದಿನ ಅಮ್ಮ ಎದ್ದು ಕೂತು ತಲೆ ಬಾಚಿಸಿಕೊಂಡಳು. ನಾಲ್ಕು ಸಾವಿರದ ಮುನ್ನೂರ ಮೂವತ್ತೈದಕ್ಕೆ ಬಂದ ದಿನ ಕಿಟಕಿ ತೆಗೆಸಿ, ಆಕಾಶದ ಕಡೆ ಕಿವಿಯಿಟ್ಟಳು. ಊಟ ಹೆಚ್ಚಿತು. ಕೆನ್ನೆಗೆ ಬಣ್ಣ ಬಂತು. ಫೋನಿನಲ್ಲಿ ಮಾತು ಮಾತ್ರ ಅದೇ.

“ನೀನು ಹತ್ತಿರ ಬಂದಷ್ಟೂ ಇವಳು ಸಪ್ಪಗಾಗ್ತಿದ್ದಾಳೆ ಪುಟ್ಟಿ. ನಿನ್ನೆ ಪಾತ್ರೆ ತೊಳೀತಾ ಅಳ್ತಿದ್ಲು. ಅಳುವಿನ ಸದ್ದೂ ಇಲ್ಲ; ಕತ್ತಲ್ಲಿ ಗಾಳಿ ತುಂಡುತುಂಡಾಗಿ ಬರ್ತಿತ್ತು. ನೀನು ಬಂದ್ರೆ ಇವಳು ಎಲ್ಲಿಗೆ ಹೋಗ್ತಾಳೋ ಏನೋ.”

“ದೂರ, ಮುನ್ನೂರ ನಲವತ್ತು ಕಿಲೋಮೀಟರ್. ಪ್ರಯಾಣದ ಅವಧಿ, ಐವತ್ನಾಲ್ಕು ನಿಮಿಷ.”

ಮರುದಿನ ಬೆಳಗ್ಗೆ, ಬಿಸಿಲು ಮಂಚದ ಕಾಲಿನವರೆಗೆ ಬಂದಿದ್ದಾಗ, ಕಿಲೋಮೀಟರಕ್ಕ ಅಮ್ಮನ ಪಕ್ಕ ಕೂತು ಮನೆಯ ಪಕ್ಕದ ನಿಲ್ದಾಣದ ಮೂರಂಕಿಯನ್ನು ಒತ್ತಿದಳು. ಮತ್ತೆ ಅದೇ ಮೂರಂಕಿ ಒತ್ತಿದಳು. ಅಮ್ಮನ ಕೈ ಹಿಡಿಯಲು ತನ್ನ ಕೈ ಸಿದ್ಧವಾಗಿಟ್ಟುಕೊಂಡಳು.

ಟಕ್ ಟಕ್.

“ದೂರ, ಸೊನ್ನೆ ಕಿಲೋಮೀಟರ್. ಪ್ರಯಾಣದ ಅವಧಿ, ಮೂವತ್ತು ನಿಮಿಷ.”

ಅವಳ ಕೈ ಗಾಳಿಯಲ್ಲೇ ನಿಂತಿತು. ಹತ್ತಿಳಿಯುವ ಅರ್ಧ ಗಂಟೆ! ಯಾವ ಊರಿಂದ ಯಾವ ಊರಿಗಾದರೂ ಸೇರಿಸು ಎಂದು ಹಟ ಹಿಡಿದವಳು ತಾನೇ. ಇದ್ದ ಜಾಗದಿಂದ ಇದ್ದ ಜಾಗಕ್ಕೆ ಬರಲೂ ಸೂತ್ರ ಅರ್ಧ ಗಂಟೆ ಕೇಳುತ್ತಿತ್ತು. ಇಷ್ಟು ದಿನದ ಲೆಕ್ಕದಲ್ಲಿ ಇದೊಂದನ್ನು ಅವಳು ಮರೆತೇಬಿಟ್ಟಿದ್ದಳು.

ಅಮ್ಮನ ಮುಖ ಅರಳಿತ್ತು. “ಅರ್ಧ ಗಂಟೆ! ಕೆಳಗೆ ಬಂದುಬಿಟ್ಟಿದ್ದಾಳೆ!” ಎಂದವಳು, ಮೊತ್ತಮೊದಲ ಸಲ ಪಕ್ಕದಲ್ಲಿದ್ದವಳ ಕಡೆ ನೇರ ತಿರುಗಿದಳು. “ಏ ತಾಯಿ, ಆ ಕುರ್ಚಿ ಮೇಲಿನ ಬಟ್ಟೆ ಎತ್ತಿಡು. ಒರೆಸು. ಅವಳಿಗೆ ಧೂಳಾದ್ರೆ ಆಗಲ್ಲ.”

ಕಿಲೋಮೀಟರಕ್ಕ ಕುರ್ಚಿ ಒರೆಸಿದಳು. ಬೇರೇನು ಮಾಡುವುದೆಂದು ತೋಚಲಿಲ್ಲ. ಗೋಡೆಯ ಗಡಿಯಾರದ ಮುಳ್ಳು ನಡೆಯಿತು. ಅಮ್ಮ ಸೆರಗು ಸರಿ ಮಾಡಿಕೊಂಡು, ಮಡಿಲಲ್ಲಿ ಕೈ ಜೋಡಿಸಿ, ಬಾಗಿಲಿಗೆ ಮುಖ ಮಾಡಿ ಕೂತಳು. ಕೆಳಗೆ ಬೀದಿಯಲ್ಲಿ ಯಾವುದೋ ಗಾಡಿ ನಿಂತು ಮುಂದೆ ಹೋಯಿತು. ಅರ್ಧ ಗಂಟೆಗೆ ಸ್ವಲ್ಪ ಮೊದಲು ಕಿಲೋಮೀಟರಕ್ಕ ಎದ್ದು, ಮೆಲ್ಲಗೆ ಬಾಗಿಲು ತೆರೆದು ಹೊರಗೆ ಹೋಗಿ ನಿಂತಳು. ಹೊರಗಿನಿಂದಲೇ ಬರಬೇಕಲ್ಲ. ಬಂದಳು ಎನ್ನುವ ಹಾಗೆ ಹೆಜ್ಜೆ ಸಪ್ಪಳ ಮಾಡುತ್ತ, ಹೊಸ್ತಿಲು ದಾಟಿ, ನೇರ ನಡೆದು ಅಮ್ಮನ ಮುಂದೆ ಮಂಡಿಯೂರಿ ಅವಳ ಎರಡೂ ಕೈ ಹಿಡಿದುಕೊಂಡಳು.

ಅಮ್ಮ ನಗುತ್ತಿದ್ದಳು. ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

“ನೀನಲ್ಲ ತಾಯಿ. ಸ್ವಲ್ಪ ಸರಿ. ನಿನ್ನ ಹಿಂದೆ ಬಂದವಳು.”

ಕಿಲೋಮೀಟರಕ್ಕ ತಿರುಗಿ ನೋಡಿದಳು. ತೆರೆದ ಬಾಗಿಲು, ಅದರಾಚೆ ಮೆಟ್ಟಿಲ ಮೇಲಿನ ಮಂಕು ಬೆಳಕು. ಯಾರೂ ಇರಲಿಲ್ಲ. ಕತ್ತಿನ ತೂತಿಗೆ ತಣ್ಣನೆಯ ಗಾಳಿ ತಾಗಿತು.

“ಬಾ ಬಾ. ಬಾಗಿಲು ಹಾಕ್ಕೊಂಡು ಬಾ, ಚಳಿ” ಎಂದಳು ಅಮ್ಮ. ಮುಖ ಬಾಗಿಲಿನಿಂದ ಕುರ್ಚಿಯವರೆಗೆ ನಿಧಾನವಾಗಿ ತಿರುಗಿತು, ನಡೆದು ಬರುವವರ ಸಪ್ಪಳವನ್ನು ಹಿಂಬಾಲಿಸಿದ ಹಾಗೆ. “ಸೊರಗಿದ್ದೀಯ ಕಣೇ, ದನಿಯಲ್ಲೇ ಗೊತ್ತಾಗುತ್ತೆ. ಇವಳೇ ನೋಡು, ನಾನು ಹೇಳ್ತಿದ್ದವಳು... ಹಾಂ?... ಹೌದಾ?... ಹಾಗಂತೀಯಾ?”

ಆಮೇಲೆ ಅಮ್ಮ ಮಂಡಿಯೂರಿದವಳ ತಲೆ ತಡವಿ ಹುಡುಕಿ, ಅದರ ಮೇಲೆ ಅಂಗೈ ಇಟ್ಟಳು. “ನೀನು ಒಳ್ಳೆಯವಳಂತೆ. ನನ್ನ ಮಗಳು ಹೇಳ್ತಿದ್ದಾಳೆ. ಇಷ್ಟು ದಿನ ನನ್ನ ನೋಡ್ಕೊಂಡವಳು ನೀನೇ ಅಂತೆ. ತಾ ಆ ಗಂಜಿ.”

ಬಟ್ಟಲು ಖಾಲಿಯಾಯಿತು.

ಅಂದಿನಿಂದ ಅಮ್ಮ ಒಂದು ದಿನವೂ ಊಟಕ್ಕೆ ತಕರಾರು ಮಾಡಲಿಲ್ಲ. ಕ್ಲಿನಿಕ್ಕಿನ ನರ್ಸು ತೂಕ ನೋಡಿ ನಳಿಗೆಯ ಮಾತು ಬಿಟ್ಟಳು. ಮನೆಯಲ್ಲಿ ಅಮ್ಮನ ಪ್ರಕಾರ ಮೂವರು. ಫೋನು ಬೇಕಾಗಲೇ ಇಲ್ಲ. ಅಮ್ಮ ಕುರ್ಚಿಯ ಕಡೆ ತಿರುಗಿ ಹರಟುತ್ತಿದ್ದಳು, ನಡುವೆ ಉತ್ತರಕ್ಕೆ ಬೇಕಾದಷ್ಟೇ ಹೊತ್ತು ಬಿಡುತ್ತಿದ್ದಳು, ಸರಿಯಾದ ಜಾಗದಲ್ಲಿ ನಗುತ್ತಿದ್ದಳು. “ಮಾತಿಗೆ ನೀನು, ಕೆಲಸಕ್ಕೆ ಇವಳು. ನನಗಿನ್ನೇನು ಬೇಕು?” ಎನ್ನುತ್ತಿದ್ದಳು. ದರ್ಜಿ ಹೆಂಗಸು ಬಂದರೆ ಆ ಕುರ್ಚಿಯಲ್ಲಿ ಮಾತ್ರ ಕೂರುತ್ತಿರಲಿಲ್ಲ.

ಮುದುಕಿಯ ಕಲ್ಪನೆ ಎಂದು ಕಿಲೋಮೀಟರಕ್ಕ ತನಗೆ ತಾನೇ ಹೇಳಿಕೊಂಡಿದ್ದಳು. ಒಂದು ಮಧ್ಯಾಹ್ನ ಅಮ್ಮನ ಉಗುರು ಕತ್ತರಿಸುತ್ತಿದ್ದಾಗ ಅಮ್ಮ ಇದ್ದಕ್ಕಿದ್ದ ಹಾಗೆ, “ಪಾಪ, ಮುಖಕ್ಕೆ ಮುಖವಾಡ ಹಾಕಿ ಎಣಿಸು ಅಂದ್ರಂತಲ್ಲ ನಿನಗೆ? ಏಳಕ್ಕೆ ನಿಂತುಹೋಯ್ತಂತೆ” ಎಂದಳು.

ಅದು ನಿಜ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಂಪರು ಹತ್ತುವ ಮುಂಚೆ ಅವಳು ಗಟ್ಟಿಯಾಗಿ ಹೇಳಿದ ಕೊನೆಯ ಮಾತು ಏಳು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಸ್ಲೇಟಿಗೂ.

“ಯಾರು ಹೇಳಿದ್ರು?” ಎಂದು ತುಟಿಯಲ್ಲೇ ಕೇಳಿದಳು, ಕುರುಡು ತಾಯಿಗೆ ಕಾಣುವುದಿಲ್ಲ ಎಂಬುದನ್ನು ಮರೆತು.

“ಇನ್ಯಾರು? ಇವಳೇ” ಎಂದಳು ಅಮ್ಮ.

ಅದಾದ ಸ್ವಲ್ಪ ದಿನಕ್ಕೆ ಟೇಪಣ್ಣ ಬಂದ. ಕೂದಲು ನರೆತಿತ್ತು, ನಗು ಹಾಗೇ ಇತ್ತು. ವಿಚಾರಣೆಯ ಹಳೆಯ ಯಂತ್ರವನ್ನು ಕಳಚುತ್ತಾರಂತೆ. ಧ್ವನಿಯ ಚೂರುಗಳ ಒಂದು ಪ್ರತಿ ತೆಗೆದು ಅಕ್ಕನಿಗೆ ತಂದಿದ್ದ.

“ನಮಸ್ಕಾರ ಅಮ್ಮ, ಹೇಗಿದ್ದೀರಿ?”

“ನಮಗೇನು, ಮೂವರೂ ಚೆನ್ನಾಗಿದ್ದೀವಿ” ಎಂದಳು ಅಮ್ಮ.

ಟೇಪಣ್ಣ ಕಿಲೋಮೀಟರಕ್ಕನ ಮುಖ ನೋಡಿದ. ಅವಳು ಸ್ಲೇಟಿನಲ್ಲಿ ಬರೆದು ತೋರಿಸಿದಳು: ಒಂದೇ ಊರನ್ನು ಎರಡು ಸಲ ಒತ್ತಿದರೆ ಯಂತ್ರ ಏನು ಹೇಳುತ್ತದೆ?

ಅವನು ಜೋರಾಗಿ ನಕ್ಕ. “ಅರ್ಧ ಗಂಟೆ ಹೇಳುತ್ತೆ! ನಿಮ್ಮ ಹಟ ಅಕ್ಕ ಅದು, ನನ್ನ ತಪ್ಪಲ್ಲ. ದೂರ ಮಾತ್ರ ಹೇಳಲ್ಲ. ಸೊನ್ನೆ ನೀವು ಓದೇ ಇಲ್ವಲ್ಲ.”

ಹೇಳಿತು, ಎಂದು ಬರೆದಳು ಅವಳು. ನಾವಿಬ್ಬರೂ ಕೇಳಿದೆವು.

“ಸಾಧ್ಯವಿಲ್ಲ. ಇಲ್ಲದ ಚೂರನ್ನ ಯಂತ್ರ ಎಲ್ಲಿಂದ ತರುತ್ತೆ?” ಅವನು ತನ್ನ ಫೋನು ತೆಗೆದು, ಸ್ಪೀಕರ್ ಹಾಕಿ, ಮನೆಯ ಪಕ್ಕದ ನಿಲ್ದಾಣದ ಮೂರಂಕಿಯನ್ನು ಎರಡು ಸಲ ಒತ್ತಿದ. ಟಕ್ ಟಕ್.

“ದೂರ,” ಎಂದಿತು ಅವಳ ಧ್ವನಿ. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. “ಕಿಲೋಮೀಟರ್. ಪ್ರಯಾಣದ ಅವಧಿ, ಮೂವತ್ತು ನಿಮಿಷ.”

“ನೋಡಿದ್ರಾ?” ಎಂದ ಟೇಪಣ್ಣ.

“ಅಲ್ಲಿ ಯಾಕಪ್ಪಾ ಹುಡುಕ್ತೀಯ?” ಎಂದಳು ಅಮ್ಮ ಮಂಚದಿಂದ. “ಅವಳು ಅಲ್ಲಿಂದ ಬಂದಾಯ್ತಲ್ಲ. ಇಲ್ಲೇ ಕೂತಿದ್ದಾಳೆ.”

ಟೇಪಣ್ಣ ಕುರ್ಚಿಯನ್ನು ನೋಡಿದ. ಒರೆಸಿ ಇಟ್ಟಿದ್ದ ಖಾಲಿ ಕುರ್ಚಿ. ಅವನ ನಗು ಮೆಲ್ಲಗೆ ಇಳಿಯಿತು. ಏನನ್ನೋ ನೆನಪು ಮಾಡಿಕೊಳ್ಳುತ್ತ ಫೋನನ್ನು ಜೇಬಿಗಿಟ್ಟ.

“ಸೊನ್ನೆ ಒಂದೇ ಒಂದು ಸಲ ಹೇಳಿದ್ರಿ ಅಕ್ಕ,” ಎಂದ ಕೊನೆಗೆ, ದನಿ ತಗ್ಗಿಸಿ. “ಆದ್ರೆ ಅದು ರೆಕಾರ್ಡ್ ಆಗಿಲ್ಲ, ನಾನಿನ್ನೂ ಗುಂಡಿ ಒತ್ತಿರಲಿಲ್ಲ. ಅಮ್ಮ ಡಬ್ಬಿ ತಂದು ನಿಮ್ಮ ಪಕ್ಕ ಕೂತಿದ್ರಲ್ಲ, ಆ ದಿನ. ಮೈಕ್ ಸರಿ ಇದೆಯಾ ನೋಡೋಕೆ ಏನಾದ್ರೂ ಹೇಳಿ ಅಂದೆ. ಏನು ಹೇಳಲಿ ಅಂದ್ರಿ. ಅಮ್ಮ ನಿಮ್ಮಿಂದ ಎಷ್ಟು ದೂರ ಇದ್ದಾರೆ, ಅದನ್ನೇ ಹೇಳಿ ಅಂತ ತಮಾಷೆ ಮಾಡಿದೆ.”

ಕಿಲೋಮೀಟರಕ್ಕನಿಗೆ ನೆನಪಾಯಿತು. ಕಂಬಳಿಗಳ ಬೆಚ್ಚನೆಯ ವಾಸನೆ, ಮೊಣಕಾಲಿಗೆ ತಾಗಿದ ಅಮ್ಮನ ಮೊಣಕಾಲು, ಮಡಿಲಲ್ಲಿ ಇನ್ನೂ ಬಿಸಿಯಿದ್ದ ಡಬ್ಬಿ. ಅವಳು ಬೆನ್ನು ನೆಟ್ಟಗೆ ಮಾಡಿ, ನಗು ತಡೆದುಕೊಂಡು, ಕೆಲಸದ ಗಂಭೀರ ದನಿಯಲ್ಲಿ ಮೈಕಿಗೆ ಹೇಳಿದ್ದಳು:

“ದೂರ, ಸೊನ್ನೆ ಕಿಲೋಮೀಟರ್.”